ನಲವತ್ತೊಂದನೇ ರ‍್ಯಾಪರ್

ಹದಿನಾಲ್ಕನೇ ತಾರೀಕು ಬೆಳಿಗ್ಗೆ 10.40ಕ್ಕೆ ವ್ಯಸನಮುಕ್ತಿ ಕೇಂದ್ರದ ನರ್ಸಮ್ಮ ಠಾಣೆಗೆ ಬಂದು ದೂರು ಬರೆದುಕೊಟ್ಟರು: ಬೀಗ ಹಾಕಿದ ಕಪಾಟಿನಿಂದ ಹನ್ನೊಂದು ಮಾತ್ರೆ ಕಳುವಾಗಿವೆ. ಹನ್ನೊಂದೇ ಮಾತ್ರೆ! ರೈಟರ್ ಪೆನ್ನು ಕೆಳಗಿಟ್ಟು ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇಪ್ಪತ್ತೆರಡು ವರ್ಷ ಸರ್ವಿಸ್ ಆದಮೇಲೆ ಎರಡೂ ಅಷ್ಟು ಸುಲಭಕ್ಕೆ ಬರುವುದಿಲ್ಲ.

"ಎಫ್‌ಐಆರ್ ಹಾಕು" ಎಂದರು.

ಅದೇನು ತಲೆನೋವಿನ ಮಾತ್ರೆಯಲ್ಲ. ಬ್ರೌನ್‌ಶುಗರ್ ಚಟಕ್ಕೆ ಬಿದ್ದವರಿಗೆ ದಿನಕ್ಕೊಂದರಂತೆ, ಪುಡಿ ಮಾಡಿ, ನರ್ಸಮ್ಮನ ಕಣ್ಣೆದುರಿಗೇ ನಾಲಿಗೆಯಡಿ ಇಡಿಸುತ್ತಾರೆ. ಹೊರಗೆ ಅದಕ್ಕೂ ಗಿರಾಕಿಗಳಿದ್ದಾರೆ. ಅದಕ್ಕೇ ಪ್ರತಿ ಮಾತ್ರೆಯ ಖಾಲಿ ರ‍್ಯಾಪರನ್ನು ಡಬ್ಬಿಗೆ ಹಾಕಿ, ಆಯಾ ದಿನದ ಕವರಿನಲ್ಲಿ ಕಟ್ಟಿಡಬೇಕೆಂಬ ನಿಯಮ. ಸರಕಾರದ ಅನುದಾನ ನಲವತ್ತು ಜನರಿಗೆ ಮಾತ್ರ. ಸರದಿಗೆ ಕಾಯುತ್ತಿರುವವರು ಅರವತ್ತಕ್ಕೂ ಮೇಲೆ.

12.15ಕ್ಕೆ ಕೇಂದ್ರದಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಬೀಗದ ಕೈ ನರ್ಸಮ್ಮನ ಡ್ರಾಯರಿನಲ್ಲೇ ಇರುತ್ತಿತ್ತು.

"ಬೇಲಿನೇ ಎದ್ದು ಹೊಲ ಮೇಯ್ದಂಗಿದೆ ಸಾರ್" ಎಂದು ದಫೇದಾರ್ ಕಿವಿಯಲ್ಲಿ ಉಸುರಿದ. ಠಾಣೆಯಲ್ಲಿ ಅವನನ್ನು ಗಾದೆ ದಫೇದಾರ್ ಎಂದೇ ಕರೆಯುವುದು.

"ಕವರು ಬಿಚ್ಚಿ ಎಣಿಸು."

ಹಳೆಯ ಕವರುಗಳಲ್ಲಿ ನಲವತ್ತಕ್ಕಿಂತ ಹೆಚ್ಚು ರ‍್ಯಾಪರ್ ಇರಲಿಲ್ಲ. ಮೂರನೇ ತಾರೀಕಿನಿಂದ ಹದಿಮೂರರವರೆಗೆ ಪ್ರತಿ ಕವರಿನಲ್ಲೂ ನಲವತ್ತೊಂದು.

"ಎಲಾ ಇವನ! ಕದ್ದು, ರ‍್ಯಾಪರ್ ತಂದು ವಾಪಸ್ ಹಾಕೋ ಕಳ್ಳ ಯಾವನು ಸಾರ್?"

ಇನ್‌ಸ್ಪೆಕ್ಟರ್ ಯೋಚಿಸಿದರು. ಮಾರುವವನು ಕೈಗೆ ಸಿಕ್ಕಷ್ಟು ಬಾಚಿಕೊಳ್ಳುತ್ತಾನೆ. ದಿನಕ್ಕೊಂದೇ ಎಂದರೆ ಅದು ಯಾರದೋ ನಿಂತುಹೋದ ಡೋಸು.

"ಎರಡನೇ ತಾರೀಕು ಪಟ್ಟಿಯಿಂದ ಯಾರ ಹೆಸರು ತೆಗೆದ್ರಿ?"

ನರ್ಸಮ್ಮ ರಿಜಿಸ್ಟರ್ ತಿರುವಿದರು. "ಒಬ್ಬನದೇ ಸಾರ್. ಸತತ ಮೂರು ದಿನ ಬರದಿದ್ರೆ ಹೆಸರು ಹೋಗತ್ತೆ, ಅನುದಾನದ ಷರತ್ತು ಅದು. ಕಾಯ್ತಿರೋರಿಗೂ ಕೊಡ್ಬೇಕಲ್ಲ." ರಿಜಿಸ್ಟರ್ ಮುಚ್ಚಿ ಹೇಳಿದರು: "ನಮ್ಮಲ್ಲಿ ಆಯಾ ಕೆಲಸ ಮಾಡೋ ಆಯಮ್ಮನ ಮಗ."

ಆಯಮ್ಮ ಹಿಂದಿನ ಕೋಣೆಯಲ್ಲಿ ಮಾತ್ರೆ ಪುಡಿ ಮಾಡುವ ಕಲ್ಲು ತೊಳೆಯುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಕೈ ಒರೆಸಿಕೊಂಡು ನಿಂತಳು.

"ಮಾತ್ರೆ ತಗೊಂಡಿದ್ದು ನೀನೇನಮ್ಮ?"

"ಹೂಂ."

"ಯಾವಾಗ?"

"ನರ್ಸಮ್ಮ ಊಟಕ್ಕೆ ಹೋದಾಗ. ದಿನಕ್ಕೊಂದು. ನಾನೇ ಪುಡಿ ಮಾಡಿ, ನನ್ನೆದುರಿಗೇ ನಾಲಿಗೆ ಕೆಳಗೆ ಇಡಿಸ್ತಿದ್ದೆ."

"ರ‍್ಯಾಪರ್ ಯಾಕೆ ಡಬ್ಬಿಗೆ ಹಾಕಿದೆ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಡಬ್ಬಿಗೇ ಅಲ್ವಾ ಸಾರ್ ಹಾಕ್ಬೇಕು? ಒಂಬತ್ತು ವರ್ಷದಿಂದ ಎಲ್ಲರಿಗೂ ಅದನ್ನೇ ಬಡ್ಕೋತಿದೀನಿ."

"ಮಗ ಮೂರು ದಿನ ಎಲ್ಲಿ ಹಾಳಾಗಿ ಹೋಗಿದ್ದ?"

ಆಗ ಅವಳು ಕಣ್ಣೆತ್ತಿ ನೋಡಿದಳು. "ನಿಮ್ಮ ಸ್ಟೇಷನ್ನಲ್ಲೇ ಇದ್ನಲ್ಲ ಸಾರ್."

ಗಾದೆ ದಫೇದಾರ್ ಎಣಿಸಿದ್ದ ಕವರುಗಳನ್ನೇ ಮತ್ತೆ ಎಣಿಸತೊಡಗಿದ. ಸೈಕಲ್ ಕಳವಿನ ಗುಮಾನಿ ಮೇಲೆ ಹಿಡಿದು ತಂದು, ಮೂರು ದಿನ ಕೂರಿಸಿಕೊಂಡು, ಇವನಲ್ಲ ಎಂದು ಬಿಟ್ಟು ಕಳಿಸಿದ್ದರು. ಠಾಣೆಯ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ; ಬರೆದಿದ್ದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಕೋರ್ಟಿಗೆ ಹಾಜರು ಮಾಡಬೇಕಿತ್ತು.

"ಮಗ ಇಲ್ಲೇ ಇದ್ದ ಅಂತ ಒಂದು ಚೀಟಿ ಬರ್ಕೊಡಿ, ಹೆಸರು ಉಳ್ಕೊಳತ್ತೆ ಅಂತ ಸ್ಟೇಷನ್ನಿಗೆ ಬಂದಿದ್ದೆ. ಯಾವ ಮಗ, ಇಲ್ಲಿಗ್ಯಾರೂ ಬಂದಿಲ್ಲ, ನಡಿಯಮ್ಮ ಅಂದ್ರಿ. ನೀವೇ."

ಇನ್‌ಸ್ಪೆಕ್ಟರಿಗೆ ಆ ಮಾತು ನೆನಪಿತ್ತು, ಅವಳ ಮುಖ ನೆನಪಿರಲಿಲ್ಲ. ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ಅದೂ ಇಳಿಯಿತು.

ಮಹಿಳಾ ಪೇದೆ ಬಂದ ಮೇಲೆ 3.20ಕ್ಕೆ ದಸ್ತಗಿರಿ. ಜೀಪು ಹತ್ತುತ್ತಾ ಆಯಮ್ಮ ಹೇಳಿದಳು: "ಇವತ್ತಿಂದು ಅವನಿಗಿನ್ನೂ ಕೊಟ್ಟಿಲ್ಲ ಸಾರ್. ನಾಲ್ಕು ದಿನ ತಪ್ಪಿದ್ರೆ ಮತ್ತೆ ಬ್ರೌನ್‌ಶುಗರ್ ಮಾರೋ ಗಲ್ಲಿಗೇ ಹೋಗ್ತಾನೆ. ಈಗ್ಲಾದ್ರೂ ಆ ಚೀಟಿ ಕೊಡ್ತೀರಾ?"

ಇನ್‌ಸ್ಪೆಕ್ಟರ್ ಡ್ರೈವರಿಗೆ ಹೊರಡು ಎಂದರು.

ಠಾಣೆಯಲ್ಲಿ ರೈಟರ್ ಕೇಳಿದ, "ಕೃತ್ಯಕ್ಕೆ ಕಾರಣ ಏನಂತ ಬರೀಲಿ ಸಾರ್?"

"ಮಗನ ಚಿಕಿತ್ಸೆ ನಿಂತಿತ್ತು."

"ಯಾಕೆ ನಿಂತಿತ್ತು?"

ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ನೋಡಿದರು. "ಸತತ ಮೂರು ದಿನ ಗೈರುಹಾಜರಿ."

ರೈಟರ್ ಹಾಗೆಯೇ ಬರೆದು ಓದಿ ಹೇಳಿದ. ಆಯಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ಎಲ್ಲಿದ್ದ ಅಂತ ಬರೀಲಿಲ್ವಲ್ಲ" ಎಂದಳು.

ರೈಟರ್ ಪೆನ್ನು ಮುಂದೆ ಚಾಚಿದ. ಪೇದೆ ತೋರಿಸಿದ ಕಡೆ ಆಯಮ್ಮ ಸಹಿ ಹಾಕಿದಳು.