ಮೂರನೇ ಕ್ಯಾಬಿನೆಟ್ಟಿನ ಮೇಲಿನ ಗುಂಡು ಗುರುತು

ಕಾರಿನ ಬಾಗಿಲಿಗೆ ಬೆಸುಗೆ ಹಾಕುತ್ತಿದ್ದ ಮೂರನೇ ರೋಬೋ, ಕೈ ಎತ್ತಿದ್ದು ಎತ್ತಿದಂತೆಯೇ ನಿಂತುಬಿಟ್ಟಿತು. ಸೈರನ್ ಕೂಗಿತು. ಆಗ ಹನ್ನೊಂದು ಮುಕ್ಕಾಲು. ಹನ್ನೆರಡು ಕೆಲಸದ ದಿನಗಳಲ್ಲಿ ಇದು ಒಂಬತ್ತನೇ ಸಲ, ಅದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ.

ಎಲ್ಲರಿಗಿಂತ ಮೊದಲು ಓಡಿಬಂದವಳು ಸ್ಟೋರಕ್ಕ. ಅವಳು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವಳು. ರೋಬೋ ಕೆಟ್ಟರೆ ಅವಳಿಗೇನು ಅನ್ನಬೇಡಿ, ಆ ಸಾಲಿನ ಎಲೆಕ್ಟ್ರಿಷಿಯನ್ ಅವಳ ಒಡಹುಟ್ಟಿದ ತಂಗಿ. ರಿಪೇರಿಗೆ ಅಡ್ಡಿಯಾಗದಿರಲಿ ಎಂದು ಅಲ್ಲಿದ್ದ ಗ್ಲೌಸು, ಬಟ್ಟೆ, ಊಟದ ಕ್ಯಾರಿಯರ್ ಎಲ್ಲವನ್ನೂ ಸರಸರನೆ ಎತ್ತಿಕೊಂಡು ಗೋಡೆಗೆ ಆತು ನಿಂತಳು.

ತಂಗಿ ಕಂಟ್ರೋಲರ್ ಕ್ಯಾಬಿನೆಟ್ಟಿನ ಬಾಗಿಲು ತೆಗೆದಳು. ಎದೆಯೆತ್ತರದ ಆ ಕಬ್ಬಿಣದ ಪೆಟ್ಟಿಗೆಯೇ ರೋಬೋದ ತಲೆ. ಒಳಗಿನ ಪವರ್ ಸಪ್ಲೈ ಯೂನಿಟ್ಟು ಇಪ್ಪತ್ತನಾಲ್ಕು ವೋಲ್ಟ್ ಕೊಡುವವರೆಗೆ ರೋಬೋಗೆ ಜೀವ, ನಿಲ್ಲಿಸಿದರೆ ಹೀಗೆ. ಆ ಯೂನಿಟ್ಟನ್ನು ತಂಗಿ ಆಗಲೇ ಎರಡು ಸಲ ಬದಲಿಸಿದ್ದಳು. ತೆಗೆದದ್ದನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದರೆ ಎರಡೂ ಕಲ್ಲುಗುಂಡಿನಂತೆ ಗಟ್ಟಿಯಾಗಿದ್ದವು.

ಲೈನ್ ಮೇಸ್ತ್ರಿ ತನ್ನ ನೋಟ್‌ಬುಕ್ ಬಿಚ್ಚಿ ಮ್ಯಾನೇಜರ್ ಮುಂದೆ ಹಿಡಿದ. "ನೋಡಿ ಸಾರ್, ಈಕೆ ರಜೆ ಹಾಕಿದ ಮೂರು ದಿನ ಒಂದು ಸಲಾನೂ ನಿಂತಿಲ್ಲ. ಬಂದ ದಿನವೆಲ್ಲ ನಿಂತಿದೆ. ಇನ್ನೇನು ಸಾಕ್ಷಿ ಬೇಕು?"

"ನಾನ್ಯಾಕೆ ಕೆಡಿಸಲಿ?" ಅಂದಳು ತಂಗಿ.

"ಅದನ್ನ ನೀವೇ ಹೇಳ್ಬೇಕು," ಎಂದರು ಮ್ಯಾನೇಜರ್. "ನಾಳೆ ಊಟದ ಹೊತ್ತಿಗೆ ಕೆಲಸದಿಂದ ತೆಗೆದ ಕಾಗದ ಕೈಗೆ ಬರುತ್ತೆ. ಕಾರಣಾನೂ ಅದರಲ್ಲಿ ಬರೆದಿರುತ್ತೆ."

ಯಂತ್ರ ಕೆಡಿಸಿದವಳು ಎಂದು ಬರೆದುಕೊಟ್ಟರೆ ಯಾವ ಕಾರ್ಖಾನೆಯವರು ತಂಗಿಯನ್ನು ಬಾಗಿಲೊಳಗೆ ಬಿಟ್ಟುಕೊಂಡಾರು? ಸ್ಟೋರಕ್ಕ ನೆಟ್ಟಗೆ ಉಗ್ರಾಣದ ಹಿಂದಿನ ರಿಪೇರಿ ಕೋಣೆಗೆ ನಡೆದಳು.

ಅಲ್ಲಿ ಮೀಟರ್ ಮಾವ ಕೂತಿದ್ದರು. ಅಳೆಯದೆ ಏನನ್ನೂ ನಂಬದ ಮುದುಕ, ಚಹಾ ಬಿಸಿಯಾಗಿದೆ ಎಂದರೂ "ಎಷ್ಟು?" ಎಂದು ಕೇಳುವ ಆಸಾಮಿ. ಕಾರ್ಖಾನೆಯಲ್ಲಿ ಯಾರಿಗೂ ಬಗೆಹರಿಯದ ದೋಷಗಳು ಕೊನೆಗೆ ಬಂದು ಬೀಳುತ್ತಿದ್ದುದು ಅವರ ಮೇಜಿಗೇ. ಹತ್ತು ವರ್ಷದಿಂದ ಸ್ಕ್ರೂಡ್ರೈವರ್ ಎತ್ತಿಕೊಡುತ್ತ, ಬೈಸಿಕೊಳ್ಳುತ್ತ ಸ್ಟೋರಕ್ಕ ಅವರ ಬಲಗೈಯಾಗಿದ್ದಳು.

"ನಿನ್ನ ತಂಗಿ ಒಳ್ಳೆಯವಳು ಅಂತ ಹೇಳೋಕೆ ಬಂದಿದ್ರೆ ಬೇಡ," ಎಂದರು ಮಾವ ತಲೆ ಎತ್ತದೆ. "ಒಳ್ಳೇತನಕ್ಕೆ ನನ್ನ ಹತ್ರ ಮೀಟರಿಲ್ಲ. ಮೇಸ್ತ್ರಿ ಲೆಕ್ಕ ಸರಿಯಾ?"

"ಸರೀನೇ. ಅದೇ ಹೊಟ್ಟೆ ಉರಿಸೋದು."

"ಸರಿ ಇದ್ರೆ ಒಳ್ಳೇದು. ಅವಳು ರಜೆ ಹಾಕಿದ ದಿನ ಇಲ್ಲಿ ಇನ್ನೇನು ಬದಲಾಗುತ್ತೆ?"

"ಏನೂ ಇಲ್ಲ. ನಾನೊಬ್ಬಳೇ ಉಣ್ತೀನಿ, ಅಷ್ಟೆ."

ಮಾವ ಹುಬ್ಬು ಗಂಟು ಹಾಕಿದರು. ಫ್ಯೂಸ್ ಬೇಕೆಂದು ಅವಳ ಜೊತೆ ಉಗ್ರಾಣಕ್ಕೆ ಬಂದವರು, ಮೇಜಿನ ಮೇಲಿದ್ದ ಒಂದು ಅರ್ಜಿಯ ನಕಲನ್ನು ಎತ್ತಿ ಓದಿದರು. "ಇದೇನು?"

"ಕ್ಯಾಂಟೀನ್ ಓವನ್‌ದು. ಅದರ ಹೀಟರ್ ಸುಟ್ಟು ಎರಡು ವಾರ ಆಯ್ತು. ಹೊಸದು ನನ್ನ ಕಪಾಟಲ್ಲೇ ಇದೆ, ಆದ್ರೆ ಮ್ಯಾನೇಜರ್ ಸಹಿ ಇಲ್ಲದೆ ಒಂದು ಮೊಳೆಯನ್ನೂ ಕೊಡೋ ಹಾಗಿಲ್ಲ. ಅಸಲು ಅರ್ಜಿ ಅವರ ಮೇಜಿನ ಮೇಲೇ ಬಿದ್ದಿದೆ. ಎಲ್ಲರೂ ತಣ್ಣಗಿನ ಊಟ ಮಾಡ್ತಿದ್ದಾರೆ. ನನ್ನ ತಂಗಿಗೆ ಹೊಟ್ಟೆ ಹುಣ್ಣು; ಬಿಸಿ ಬಿಟ್ಟು ಬೇರೆ ತಿನ್ಬೇಡ ಅಂದಿದ್ದಾರೆ ಡಾಕ್ಟರು. ನಾನೇ ಹೇಗೋ ಬೆಚ್ಚಗಿಟ್ಟು ಊಟದ ಕೋಣೆಗೆ ತಂದುಕೊಡ್ತೀನಿ."

ಮಾವ ಆ ನಕಲನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಯಾಕೆಂದು ಅವಳು ಕೇಳಲಿಲ್ಲ, ಕೇಳಿದರೂ ಹೇಳುವ ಪೈಕಿ ಅವರಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೇ ಮಾವ ಮೂರನೇ ಕ್ಯಾಬಿನೆಟ್ಟಿನ ಮುಂದೆ ಸ್ಟೂಲ್ ಹಾಕಿ ಕೂತರು. "ಯಾರೂ ನನ್ನ ನೋಡ್ಕೊಂಡು ನಿಲ್ಬೇಡಿ. ದಿನಾ ಮಾಡೋದನ್ನ ಮಾಡಿ." ಒಳಬರುವ ಕರೆಂಟು ಅಳೆದರು, ಹೊರಹೋಗುವುದನ್ನು ಅಳೆದರು. ತೆಳ್ಳನೆ ಕಾಗದದ ಪಟ್ಟಿಯೊಂದನ್ನು ಕ್ಯಾಬಿನೆಟ್ಟಿನ ಮೇಲಿನ ಜಾಲರಿಗೆ ಹಿಡಿದಾಗ ಅದು ಪಟಪಟ ಹಾರಿತು. ಆಮೇಲೆ ನೆತ್ತಿಯ ಧೂಳಿನ ಮೇಲೆ ಬೆರಳಾಡಿಸಿ, ಬೆರಳನ್ನೇ ನೋಡುತ್ತ "ಹೂಂ" ಎಂದರು.

ಹತ್ತು ಗಂಟೆಗೆ ಸ್ಟೋರಕ್ಕ ಎಂದಿನಂತೆ ಸುತ್ತು ಹೊರಟು, ಸಾಲಿನವರಿಗೆಲ್ಲ ಗ್ಲೌಸು ಹಂಚಿ, ತಂಗಿಯ ಊಟವನ್ನು ದಿನದ ಜಾಗದಲ್ಲಿಟ್ಟು ಉಗ್ರಾಣಕ್ಕೆ ಮರಳಿದಳು. ಆದರೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಬರೆದದ್ದನ್ನೇ ಎರಡೆರಡು ಸಲ ಬರೆದಳು. ಹನ್ನೊಂದು ನಲವತ್ತಕ್ಕೆ ಸೈರನ್ ಕೂಗಿತು.

ಓಡಿಬಂದು ಸಾಮಾನಿಗೆ ಕೈಹಾಕಹೊರಟ ಸ್ಟೋರಕ್ಕನನ್ನು ಮಾವ ತಡೆದರು. "ಇವತ್ತು ಯಾವುದನ್ನೂ ಎತ್ಬೇಡ. ಎಲ್ಲರನ್ನೂ ಕರಿ. ಮ್ಯಾನೇಜರು ಆ ಕಾಗದಾನೂ ತರಲಿ."

ಐದು ನಿಮಿಷದಲ್ಲಿ ಮ್ಯಾನೇಜರ್, ಮೇಸ್ತ್ರಿ, ತಂಗಿ ಮೂವರೂ ಕ್ಯಾಬಿನೆಟ್ಟಿನ ಸುತ್ತ ಸೇರಿದರು. ತಂಗಿ ಉಪಕರಣಗಳ ಪೆಟ್ಟಿಗೆಯನ್ನು ಆಗಲೇ ಮುಚ್ಚಿ ತಂದಿದ್ದಳು.

"ಕೇಳಿ," ಮಾವ ಶುರುಮಾಡಿದರು. "ಒಳಬರೋ ಕರೆಂಟು ಬೆಳಿಗ್ಗೆಯಿಂದ ಅಲುಗಿಲ್ಲ. ಹಾಗಾದ್ರೆ ತಪ್ಪು ಹೊರಗಿಂದ ಬಂದಿಲ್ಲ. ಯೂನಿಟ್ಟಿನಿಂದ ರೋಬೋಗೆ ಹೋಗೋ ತಂತಿಗಳನ್ನ ಈಗಷ್ಟೇ ಬಿಚ್ಚಿದೆ. ಬಿಚ್ಚಿದ್ರೂ ಅದು ಸೊನ್ನೇನೇ ಕೊಡ್ತಿದೆ. ಹಾಗಾದ್ರೆ ರೋಬೋ ಕಡೆ ಶಾರ್ಟೂ ಇಲ್ಲ. ಉಳಿದದ್ದು ಯೂನಿಟ್ಟು. ಮೇಸ್ತ್ರಿ, ಮುಟ್ಟಿ ನೋಡಿ."

ಮೇಸ್ತ್ರಿ ಮುಟ್ಟಿದವನೇ ಕೈ ಕೊಡವಿಕೊಂಡ.

"ಕಾದಿದೆ. ಅತಿಯಾಗಿ ಕಾದ್ರೆ ಅದು ತಾನೇ ನಿಂತುಕೊಳ್ಳುತ್ತೆ, ಆರಿದ್ರೆ ತಾನೇ ಏಳುತ್ತೆ. ಅದಕ್ಕೇ ಮೇಜಿನ ಮೇಲೆ ಯಾವುದೂ ಕೆಟ್ಟಿರಲಿಲ್ಲ. ಫ್ಯಾನ್ ಸರಿಯಾಗಿದೆ, ಬೆಳಿಗ್ಗೆ ಕಾಗದ ಹಾರಿತು. ಆದ್ರೆ ಹತ್ತರ ಮೇಲೆ ಹಾರಲಿಲ್ಲ, ಯಾಕಂದ್ರೆ ಗಾಳಿ ಹೊರಹೋಗೋ ಜಾಲರಿ ಮುಚ್ಚಿತ್ತು. ಬೆಳಿಗ್ಗೆ ನೋಡಿದಾಗ ನೆತ್ತಿ ಮೇಲೆಲ್ಲ ಧೂಳು, ಜಾಲರಿ ಇರೋ ಕಡೆ ಮಾತ್ರ ಒಂದು ಗುಂಡನೆ ಜಾಗ ಒರೆಸಿದ ಹಾಗಿತ್ತು. ಅಲ್ಲಿ ಈಗ ಏನಿದೆ ಅಂತ ನೀವೇ ನೋಡಿ."

ಎಲ್ಲರೂ ನೋಡಿದರು. ದಪ್ಪ ಟವೆಲ್ಲಿನಲ್ಲಿ ಸುತ್ತಿದ ಮೂರು ಅಂತಸ್ತಿನ ಊಟದ ಕ್ಯಾರಿಯರ್ ಅಲ್ಲಿ ಬೆಚ್ಚಗೆ ಕೂತಿತ್ತು.

ಸ್ಟೋರಕ್ಕ ತನ್ನ ಕೈ ನೋಡಿಕೊಂಡಳು. ದಿನವೂ ಸೈರನ್ ಕೂಗಿದೊಡನೆ ಅದನ್ನು ಎತ್ತಿ ಮರೆಮಾಡುತ್ತಿದ್ದ ಕೈ ತನ್ನದೇ. ತಂಗಿಯ ಕುತ್ತಿಗೆಗೆ ಹಗ್ಗ ಹೊಸೆದದ್ದೂ ಅದೇ ಕೈ.

"ಯಾರಿಟ್ರು?" ಮ್ಯಾನೇಜರ್ ಕೇಳಿದರು.

"ಮೀಟರ್ ಹೆಸರು ಹೇಳಲ್ಲ," ಎಂದು ಮಾವ ಚಾವಣಿ ನೋಡಿದರು.

"ನಾನಿಟ್ಟೆ," ಎಂದಳು ಸ್ಟೋರಕ್ಕ. "ಇಲ್ಲಿ ಬೆಚ್ಚಗಿರುತ್ತೆ ಅಂತ ಇಟ್ಟೆ. ಅವಳಿಗೆ ಗೊತ್ತೇ ಇಲ್ಲ. ಅವಳು ರಜೆ ಹಾಕಿದ ದಿನ ನಾನು ಕ್ಯಾರಿಯರ್ ತರಲ್ಲ, ಅದಕ್ಕೇ ರೋಬೋ ನಿಲ್ಲಲಿಲ್ಲ. ಆ ಕಾಗದದಲ್ಲಿ ಅವಳ ಹೆಸರು ಹೊಡೆದು ನನ್ನ ಹೆಸರು ಬರೀರಿ."

ಮಾವ ಜೇಬಿನಿಂದ ಆ ನಕಲನ್ನು ತೆಗೆದು ಮ್ಯಾನೇಜರ್ ಕೈಗಿಟ್ಟರು.

"ಬರೆಯೋ ಮೊದಲು ಇದನ್ನೂ ಓದಿ. ಓವನ್ ಸರಿ ಇದ್ದಿದ್ರೆ ಕ್ಯಾರಿಯರ್ ಇಲ್ಲಿಗೆ ಬರ್ತಿರಲಿಲ್ಲ. ಹೀಟರ್ ಕಪಾಟಲ್ಲಿದೆ. ಕೆಲಸದಿಂದ ತೆಗೆಯೋ ಕಾಗದಕ್ಕೆ ಒಂದೇ ದಿನದಲ್ಲಿ ಸಹಿ ಬಿತ್ತು ಸಾರ್. ಇದಕ್ಕೆ ಎರಡು ವಾರ ಆಗಿದೆ."

ಮ್ಯಾನೇಜರ್ ಮುಖ ಸಪ್ಪಗಾಯಿತು. ಕೆಲಸದಿಂದ ತೆಗೆಯುವ ಕಾಗದವನ್ನು ನಾಲ್ಕು ಚೂರು ಮಾಡಿ, ತಂಗಿಯ ಕಡೆ ತಿರುಗಿ, "ತಪ್ಪು ನಂದು," ಎಂದರು. ಓವನ್ ಅರ್ಜಿಗೆ ಸಹಿ ಹಾಕಲು ಕ್ಯಾಬಿನೆಟ್ಟಿನ ಮೇಲೆ ಇಡಹೋದಾಗ ಮಾವ ಅವರ ಮೊಣಕೈ ಹಿಡಿದರು.

"ಅದರ ಮೇಲೆ ಏನೂ ಬೇಡ ಸಾರ್. ಗೋಡೆ ಇದೆಯಲ್ಲ."

ಮೇಸ್ತ್ರಿ ನೋಟ್‌ಬುಕ್ ಮುಚ್ಚಿಕೊಂಡು ಅತ್ತ ಸರಿದ. ತೆರೆದ ಬಾಗಿಲಿನಿಂದ ಬಿಸಿ ಹೊರಹೋಗಿ ಯೂನಿಟ್ಟಿನ ಹಸಿರು ದೀಪ ತಾನಾಗಿ ಹತ್ತಿತು. ತಂಗಿ ಬಿಚ್ಚಿದ್ದ ತಂತಿಗಳನ್ನು ಒಂದೊಂದಾಗಿ ಬಿಗಿದು, ಬಾಗಿಲು ಹಾಕಿ, ಕ್ಯಾರಿಯರನ್ನು ತಾನೇ ಎತ್ತಿಕೊಂಡಳು.

"ನನ್ನಿಂದ ನಿನ್ನ ಅನ್ನಕ್ಕೇ ಕಲ್ಲು ಬೀಳ್ತಿತ್ತು ಕಣೇ," ಎಂದಳು ಸ್ಟೋರಕ್ಕ.

"ಬಾ ಅಕ್ಕ, ಉಣ್ಣೋಣ," ಎಂದು ತಂಗಿ ಅವಳ ಕೈ ಹಿಡಿದು ಎಳೆದಳು. "ಇನ್ನೂ ಬಿಸಿ ಇದೆ."