ಭರಣಿಯೊಳಗಿನ ಬೇಸಿಗೆ ರಜೆ

ಬಹಳ ಹಿಂದೆ, ಇರುವೆಗಳೂ ಬೇಸಿಗೆ ರಜೆ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ, ಮಾವಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹೊನ್ನಿ ಎಂಬ ಕುಂಬಾರರ ಹುಡುಗಿ ಇದ್ದಳು. ಪರೀಕ್ಷೆ ಮುಗಿದ ಮಾರನೆಯ ದಿನವೇ ಬೆಟ್ಟದಾಚೆಯ ಅಜ್ಜಿ ಮನೆಗೆ ಓಡುವುದು ಅವಳ ವಾಡಿಕೆ.

ಆ ವರ್ಷ ಮಾತ್ರ ರಜೆ ಬರಲೇ ಇಲ್ಲ. ಕೊಕ್ಕೆಮೂಗಯ್ಯ ಎಂಬ ಮಾಂತ್ರಿಕ ರಾಜ್ಯದ ರಜೆಯನ್ನೆಲ್ಲ ಹಿಡಿದು, ಉಪ್ಪು ಬೆರೆಸಿ, ಉಪ್ಪಿನಕಾಯಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿಬಿಟ್ಟಿದ್ದ. ಪರೀಕ್ಷೆ ಮುಗಿದರೆ ಮತ್ತೆ ಪರೀಕ್ಷೆ. ಮಕ್ಕಳು ಅತ್ತರು, ಮೇಷ್ಟ್ರು ಅದಕ್ಕಿಂತ ಜೋರಾಗಿ ಅತ್ತರು. ಮಹಾರಾಜರು ಸಿಂಹಾಸನದಲ್ಲೇ ತೂಕಡಿಸಿ ಉರುಳಿಬಿದ್ದರು. ಜಗಲಿಯಲ್ಲಿ ಕೂತು ದಾರಿ ನೋಡುತ್ತಿರುವ ಅಜ್ಜಿಯನ್ನು ನೆನೆದು ಹೊನ್ನಿಗೆ ಅಳು ಬಂತು, ಹಿಂದೆಯೇ ಸಿಟ್ಟೂ ಬಂತು. ಮೊಸರನ್ನ, ಕೋಡುಬಳೆ ಬುತ್ತಿ ಕಟ್ಟಿಕೊಂಡು ಮಾಂತ್ರಿಕನ ಕೋಟೆಗೆ ಹೊರಟೇಬಿಟ್ಟಳು.

ಮೊದಲು ಮಾತಾಡುವ ಹುಲಿ ಎದುರಾಯಿತು. ನಿನ್ನನ್ನು ತಿನ್ನುತ್ತೇನೆ ಎಂದಿತು. ರಜೆಯಲ್ಲಿ ಅಜ್ಜಿ ದಿನಾ ಗದರುವ ಹಾಗೆಯೇ ಹೊನ್ನಿ ಗದರಿದಳು.

"ಕೈ ತೊಳೀದೆ ಊಟಕ್ಕೆ ಕೂರೋದಾ?"

ಹುಲಿಗೆ ನಾಚಿಕೆಯಾಯಿತು. ಪಂಜ ನೋಡಿಕೊಂಡು ಹೊಳೆಯ ಕಡೆ ಹೋಯಿತು. ಹೊನ್ನಿ ಮುಂದಕ್ಕೆ ಓಡಿದಳು.

ಆಮೇಲೆ ಕರಡಿ. ತಿನ್ನುತ್ತೇನೆ, ಕೈ ಆಗಲೇ ತೊಳೆದಿದ್ದೇನೆ ಎಂದು ಅದೇ ಮೊದಲು ಹೇಳಿತು. ಹುಲಿ ಸುದ್ದಿ ಮುಟ್ಟಿಸಿತ್ತೇನೋ! ಹಾಗಾದರೆ ಉಗುರು ತೋರಿಸು ಎಂದಳು ಹೊನ್ನಿ. ಒಂದೊಂದು ಉಗುರಲ್ಲೂ ಹೋದ ವರ್ಷದ ಜೇನುಮೇಣ. ಕರಡಿ ಕಡ್ಡಿ ಹಿಡಿದು ಕೆದಕುತ್ತ ಕೂತಿತು. ಇನ್ನೂ ಕೆದಕುತ್ತಲೇ ಇದೆಯಂತೆ.

ಕೊನೆಗೆ ಕೋಟೆಯ ಕಂದಕದ ಮೊಸಳೆ. ತಾನು ಇರುವುದೇ ನೀರಿನಲ್ಲಿ, ಕೈಯೂ ಉಗುರೂ ಲಕಲಕ ಎಂದು ಬಾಯಿ ತೆರೆಯಿತು. ಹೊನ್ನಿ ಆ ತೆರೆದ ಬಾಯಿಗೆ ಕೋಡುಬಳೆ ಸುರಿದಳು. ಮೊಸಳೆ ಕರುಂಕುರುಂ ಅಗಿಯಿತು. ಇಷ್ಟು ರುಚಿಯಾದದ್ದು ಇರುವಾಗ ಮಕ್ಕಳನ್ನು ಯಾರು ತಿನ್ನುತ್ತಾರೆ ಎಂದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸಿತು.

ಒಳಗೆ ಕೊಕ್ಕೆಮೂಗಯ್ಯ ಭರಣಿ ತಬ್ಬಿಕೊಂಡು ಹುರಿಗಡಲೆ ತಿನ್ನುತ್ತಿದ್ದ. ಕೈ ಬಾಣಲೆಯ ತಳದಷ್ಟು ಕಪ್ಪಗಿತ್ತು. ಮಂತ್ರ ಹಾಕಿದಂದಿನಿಂದ ಅವನು ನೀರು ಮುಟ್ಟಿರಲಿಲ್ಲ, ಹುರಿಗಡಲೆ ಬಿಟ್ಟು ಬೇರೇನೂ ತಿಂದಿರಲಿಲ್ಲ. ಹೊನ್ನಿಗೆ ತಟ್ಟನೆ ಹೊಳೆಯಿತು. ಹೋದ ರಜೆಯಲ್ಲಿ ಅವಳು ಒದ್ದೆ ಕೈ ಹಾಕಿ ಅಜ್ಜಿಯ ಉಪ್ಪಿನಕಾಯಿಗೆಲ್ಲ ಬೂಸ್ಟು ಹಿಡಿಸಿದ್ದಳು. ಈ ಮಂತ್ರ ಕೆಡುವುದೂ ಹಾಗೆಯೇ ಇರಬೇಕು.

ಅವಳು ಬುತ್ತಿ ಬಿಚ್ಚಿದಳು. ಮೊಸರನ್ನದ ಒಗ್ಗರಣೆಯ ಘಮಕ್ಕೆ ಮಾಂತ್ರಿಕನ ಬಾಯಲ್ಲಿ ನೀರೂರಿತು. ಒಂದು ತುತ್ತು ಕೊಡು ಮಗಾ ಎಂದು ಅಂಗಲಾಚಿದ.

"ಕೈ ತೊಳ್ಕೊಂಡು ಬನ್ನಿ, ಮಾವ."

ಅವನು ಭರಣಿ ನೋಡಿದ, ಅನ್ನ ನೋಡಿದ. ಬಟ್ಟೆಗೆ ಇನ್ನೊಂದು ಗಂಟು ಹಾಕಿ ಹೋಗಿ ಕೈ ತೊಳೆದು ಬಂದ. ಗಬಗಬ ತಿಂದ. ಅರ್ಧ ತಿನ್ನುವಷ್ಟರಲ್ಲಿ ಮುಖ ಬಾಡಿತು.

"ನೆಂಚ್ಕೊಳ್ಳೋಕೆ ಉಪ್ಪಿನಕಾಯಿ ಇಲ್ವಾ?"

"ನಾನು ತಂದಿಲ್ಲ, ಮಾವ."

ಉಪ್ಪಿನಕಾಯಿ ಇಲ್ಲದ ಮೊಸರನ್ನ ಯಾವ ಮಾಂತ್ರಿಕನ ಗಂಟಲಲ್ಲಿ ಇಳಿದೀತು? ಅಭ್ಯಾಸಬಲದಿಂದ ಅವನ ಕೈ ತಾನಾಗಿಯೇ ಪಕ್ಕದ ಭರಣಿಯ ಗಂಟು ಬಿಚ್ಚಿ ಒಳಗಿಳಿಯಿತು. ಒದ್ದೆ ಕೈ. ಸಾಲದ್ದಕ್ಕೆ ಎಂಜಲು ಕೈ ಬೇರೆ.

ಭರಣಿ ಬುಸ್ಸೆಂದಿತು. ಬೂಸ್ಟು ನೊರೆನೊರೆಯಾಗಿ ಉಕ್ಕಿತು. ಅದರ ಹಿಂದೆ ಇಡೀ ರಜೆ ಮಾವಿನ ಘಮ ಹೊತ್ತು ಕಿಟಕಿಯಿಂದ ಹಾರಿಹೋಯಿತು. ರಾಜ್ಯದ ಶಾಲೆಗಳಲ್ಲೆಲ್ಲ ಗಂಟೆ ಮೊಳಗಿತು. ಮಕ್ಕಳಿಗಿಂತ ಮುಂಚೆ ಮೇಷ್ಟ್ರು ಓಡಿದರು. ಮಹಾರಾಜರು ಕಿರೀಟ ಬಿಸಾಡಿ ಮಾವಿನ ಮರ ಹತ್ತಿದರು.

ಕೈ ಭರಣಿಯಲ್ಲಿ ಸಿಕ್ಕಿಹಾಕಿಕೊಂಡು ಕೊಕ್ಕೆಮೂಗಯ್ಯ ಬಿಕ್ಕಿದ. "ರಜೇಲಿ ನನ್ನನ್ನ ಯಾರೂ ಮನೆಗೆ ಕರೀತಿರ್ಲಿಲ್ಲ. ಅದಕ್ಕೆ ಯಾರಿಗೂ ರಜೆ ಬೇಡ ಅಂದ್ಕೊಂಡೆ."

ಹೊನ್ನಿಗೆ ಪಾಪ ಅನ್ನಿಸಿತು. ಭರಣಿ ಸಮೇತ ಅವನನ್ನು ಅಜ್ಜಿ ಮನೆಗೆ ಕರೆದುಕೊಂಡು ಹೋದಳು.

ಅಜ್ಜಿ ಜಗಲಿಯಿಂದ ಎದ್ದುಬಂದು ಹೊನ್ನಿಯನ್ನು ತಬ್ಬಿಕೊಂಡಳು. ಆಮೇಲೆ ಭರಣಿ ನೋಡಿದಳು. "ಒದ್ದೆ ಕೈ ಹಾಕ್ದೆಯೇನೋ? ಎಷ್ಟು ಸಲ ಹೇಳ್ಬೇಕೋ ನಿಮಗೆಲ್ಲ?" ಎಂದು ಮಾಂತ್ರಿಕನ ಕಿವಿ ಹಿಂಡಿದಳು. ಹೀಗೆ ಅಕ್ಕರೆಯಿಂದ ಯಾರೂ ಅವನನ್ನು ಬೈದಿರಲಿಲ್ಲ. ಅವನು ಖುಷಿಯಿಂದ ಅತ್ತ. ಅಜ್ಜಿ ಎಣ್ಣೆ ಸವರಿ ಕೈ ಬಿಡಿಸಿದಳು.

ಅಂದಿನಿಂದ ಮಾವಿನಗಿರಿಯವರೆಲ್ಲ ಸುಖವಾಗಿದ್ದಾರೆ. ಪ್ರತಿ ಬೇಸಿಗೆಯಲ್ಲೂ ಅಜ್ಜಿಯ ಜಗಲಿಗೆ ಹೊನ್ನಿಗಿಂತ ಮೊದಲೇ ಬಂದು ಕೂರುವವನು ಕೊಕ್ಕೆಮೂಗಯ್ಯ. ಅವನ ಹೆಗಲ ಮೇಲೆ ಕೈ ಒರೆಸಿಕೊಳ್ಳಲು ಒಂದು ಟವೆಲು ಇದ್ದೇ ಇರುತ್ತದೆ.