ಬಲಗಿವಿ ಸಡಿಲವಾದ ಬಿಳಿ ಕುದುರೆ

“ಬಲಗಿವಿ ಹಿಡೀಬೇಡಿ, ಕಿತ್ತು ಬರುತ್ತೆ!”

ಪ್ರಮೀಳಾಳ ಬಾಯಿ ತಪ್ಪಿ ಬಂದ ಮಾತು. ಮರದ ಬಿಳಿ ಕುದುರೆ ಏರಹೊರಟಿದ್ದ ವಸಂತ್ ತಟ್ಟನೆ ತಿರುಗಿದ. ಹುಣಸೂರಿನ ಕಾಲೇಜಿನಲ್ಲಿ ಎರಡು ವರ್ಷ ಬರೀ ಕಣ್ಣಲ್ಲೇ ಮಾತಾಡಿದವರು. ಗೆಳೆಯರ ಗುಂಪು ಕೊಪ್ಪದ ಸಂತೆಗೆ ಎಳೆದು ತಂದ ದಿನ, ಅವಳು ಅವನಿಗೆ ಆಡಿದ ಮೊದಲ ಮಾತೇ ಇದು!

“ನಿಮಗೆ ಹೇಗೆ ಗೊತ್ತು ಪ್ರಮೀಳಾ?”

“ಅದು... ನೋಡಿದ್ರೆ ಗೊತ್ತಾಗಲ್ವಾ?”

ಗೊತ್ತಿರದೆ ಏನು! ಆ ತಿರುಗುವ ಕುದುರೆಗಳನ್ನು ಕೈಯಿಂದ ತಳ್ಳುತ್ತಿದ್ದ ಅಂಕಯ್ಯ ಅವಳ ಅಪ್ಪ. ತಾತ ಹಲಸಿನ ಮರದಲ್ಲಿ ಕೆತ್ತಿದ ಎಂಟು ಕುದುರೆಗಳು. ಪಿರಿಯಾಪಟ್ಟಣ, ಸಾಲಿಗ್ರಾಮ, ಹುಣಸೂರು... ನಲವತ್ತು ವರ್ಷದಿಂದ ಎಷ್ಟು ಮಕ್ಕಳು ಕೂತಿದ್ದಾರೋ! ದಿನದ ಮೊದಲ ಸುತ್ತಿಗೆ ಮಾತ್ರ ಮನೆಮಗಳೇ ಕೂರಬೇಕು, ಅದು ಅವರ ಮನೆಯ ಪದ್ಧತಿ. ಕಾಲೇಜು ಸೇರಿದ ಮೇಲೆ ಪ್ರಮೀಳಾ ಬರಲೇ ಇಲ್ಲ. ಅಂಕಯ್ಯ ಖಾಲಿ ಕುದುರೆಯನ್ನೇ ಒಂದು ಸುತ್ತು ತಿರುಗಿಸಿ ಕೆಲಸ ಶುರು ಮಾಡುತ್ತಿದ್ದ.

“ಇದರ ಕೊರಳಲ್ಲಿ ‘ಪಮ್ಮಿ’ ಅಂತ ಬರ್ದಿದೆ. ಯಾರು?” ವಸಂತ್ ಕೇಳಿದ.

“ಯಾರೋ ಏನೋ... ನನಗೇನು ಗೊತ್ತು?” ಎಂದಳು ಪ್ರಮೀಳಾ.

ಅಂಕಯ್ಯ ನಕ್ಕ. “ನನ್ ಮಗ್ಳು ಕಣ್ ಸ್ವಾಮಿ. ದೂರ್ದಲ್ಲಿ ಓದ್ತಾವ್ಳೆ.”

ಥೂ! ಅಪ್ಪನೇ ಅವಳ ಸುಳ್ಳಿಗೆ ಬೆಂಬಲ ಕೊಟ್ಟುಬಿಟ್ಟ! ನಾಚಿಕೆಯಿಂದ ಪ್ರಮೀಳಾಗೆ ತಲೆ ಎತ್ತಲಾಗಲಿಲ್ಲ.

ಆ ವಾರವೆಲ್ಲ ವಸಂತ್ ಅವಳತ್ತ ನೋಡಲಿಲ್ಲ. ‘ಗೊತ್ತಾಗಿದೆ... ಕುದುರೆ ತಳ್ಳೋನ ಮಗಳು ಅಂತ ಅಸಹ್ಯ ಪಡ್ತಿದ್ದಾನೆ!’ ಅನ್ನ ಸೇರಲಿಲ್ಲ. ಅಪ್ಪ ಮಾತ್ರ ಏನೂ ಆಗದವನಂತೆ, “ಉಣ್ಣವ್ವ,” ಎನ್ನುತ್ತಿದ್ದ. ಅದೇ ಅವಳಿಗೆ ತಡೆಯಲಾಗಲಿಲ್ಲ.

ಕೊನೆಗೆ ಅವಳೇ ವಸಂತ್‌ನ ಎದುರು ನಿಂತಳು. “ನಾಳೆ ಸಂತೆ ಸೇರೋ ಮುಂಚೆ ಕೊಪ್ಪಕ್ಕೆ ಬನ್ನಿ. ಆಮೇಲೆ ಬೇಕಾದ್ರೆ ಮಾತೇ ಬಿಡಿ.”

ಅವನು ಬಂದ. ಅವಳು ಅಪ್ಪನ ಕೈ ಹಿಡಿದಿದ್ದಳು.

“ಇವರು ನಮ್ಮಪ್ಪ. ಪಮ್ಮಿ ನಾನೇ. ಅವತ್ತು ಇವರನ್ನ ಕಂಡು ನಾಚಿಕೆಪಟ್ಟೆ... ಈಗ ನನ್ನನ್ನ ಕಂಡ್ರೇ ನನಗೆ ನಾಚಿಕೆ!” ಎಂದು ಬಿಕ್ಕಿದಳು.

“ಕಿವಿ ವಿಷಯ ಹೇಳಿದ್ರಿ, ಪಮ್ಮಿ ಅನ್ನೋ ಹೆಸರೂ ಕಂಡೆ, ಆಗ್ಲೇ ಗೊತ್ತಾಯ್ತು,” ಎಂದ ವಸಂತ್. “ಕುದುರೆ ತಳ್ತಾರೆ ಅಂತಲ್ಲ ಪ್ರಮೀಳಾ... ಯಾರೋ ಏನೋ ಅಂದ್ರಲ್ಲ, ಅದಕ್ಕೆ ನೊಂದ್ಕೊಂಡೆ.”

“ಬುಡಿ ಸ್ವಾಮಿ, ಅರೀದ ಮಗ ಅವ್ಳು,” ಅಂಕಯ್ಯ ಕಣ್ಣೊರೆಸಿಕೊಂಡ. “ಬಾ ಪಮ್ಮಿ, ಮೊದಲ್ನೇ ಸುತ್ತು.”

“ಇಲ್ಲಪ್ಪ, ಇವತ್ತು ನೀನು ಕೂತ್ಕೊ.”

ಬದುಕೆಲ್ಲ ತಳ್ಳಿದವನು ಒಂದು ದಿನವೂ ಅದನ್ನು ಏರಿರಲಿಲ್ಲ. ನಾಚುತ್ತಲೇ ಹತ್ತಿದ. ಪ್ರಮೀಳಾ ಕಂಬಿಗೆ ಹೆಗಲು ಕೊಟ್ಟಳು. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಆಗ ಪಕ್ಕದಲ್ಲಿ ವಸಂತ್‌ನ ಕೈಗಳೂ ಸೇರಿದವು. ಕುದುರೆಗಳು ಕಿರ್ರನೆ ಹೊರಟವು.

“ನಿಮ್ಮನೇಲಿ ನಾನ್ಯಾರು ಅಂತ ಕೇಳಿದ್ರೆ?” ಅವಳು ಏದುಸಿರಿನಲ್ಲೇ ಕೇಳಿದಳು.

“ಕುದುರೆ ಅಂಕಯ್ಯನವರ ಮಗಳು, ನಾನು ಮದುವೆ ಆಗೋ ಹುಡುಗಿ ಅಂತೀನಿ. ನೀವೇನಂತೀರಿ?”

“ನಾನೂ ಅಂಗೇ ಅಂತೀನಿ ಕಣ್ರೀ!”